ಮಗು ಯಾರ ವಶದಲ್ಲಿದೆಯೋ ಹೊಣೆಯೂ ಅವರದೇ: ಥೆರಪಿ ಕೋಣೆಯ ನೀತಿ ಮತ್ತು ಕಾನೂನು

(ವಿಶೇಷ ಶಿಕ್ಷಕರು, ವರ್ತನಾ ಚಿಕಿತ್ಸಕರು ಮತ್ತು ಪೋಷಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ.

ವಿಕಲಚೇತನ ಮಕ್ಕಳ ಥೆರಪಿಯ ನೀತಿ, ಕಾನೂನಿನ ಬಗ್ಗೆ ಎಲ್ಲಿ ಮಾತಾಡಿದರೂ ಮೊದಲು ಬರುವ ಪ್ರಶ್ನೆ ಒಂದೇ. "ನನ್ನ ಹತ್ತಿರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನಂಬರ್ ಇಲ್ಲ, ನಾನು ಬರೀ ಶ್ಯಾಡೋ ಟೀಚರ್, ಶಾಲೆಯಲ್ಲಿ ಒಂದು ಮಗುವಿನ ಪಕ್ಕ ಕೂತು ನೆರವಾಗುವವಳು. ಈ ಕಾನೂನೆಲ್ಲ ನನಗೂ ಬರುತ್ತದೆಯೇ?" ಬರುತ್ತದೆ. ನಮ್ಮಲ್ಲಿ ಬಹಳ ಜನ ಹೊಣೆ ಅಂದರೆ ಸರ್ಟಿಫಿಕೇಟಿನ ಜೊತೆ ಬರುವಂಥದ್ದು ಅಂದುಕೊಂಡಿದ್ದಾರೆ. ಕಾಯ್ದೆಗಳು ನೋಡುವುದು ಬೇರೆಯದನ್ನು. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 92ನೇ ಕಲಂ ಓದಿ, 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಓದಿ. ಎರಡರಲ್ಲೂ ಕೇಳುವುದು ಆ ಹೊತ್ತಿನಲ್ಲಿ ಮಗು ವಾಸ್ತವವಾಗಿ ಯಾರ ವಶದಲ್ಲಿತ್ತು, ಯಾರ ನಿಯಂತ್ರಣದಲ್ಲಿತ್ತು ಎಂದು. ನಿಮ್ಮ ಓದು, ಹುದ್ದೆ, ಸಂಬಳ ಯಾವುದೂ ಅಲ್ಲಿ ಮೊದಲ ಪ್ರಶ್ನೆಯಲ್ಲ. ಅಮ್ಮ ಹೊರಗೆ ಬೆಂಚಿನ ಮೇಲೆ ಕೂತು, ನೀವು ಮಗುವಿನ ಕೈ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿದಿರಿ ಅಂದರೆ ಮಗು ನಿಮ್ಮ ವಶದಲ್ಲಿದೆ. ತರಬೇತಿಗೆ ಬಂದ ವಿದ್ಯಾರ್ಥಿಯಾದರೂ ಅಷ್ಟೇ, ಆಯಾ ಆದರೂ ಅಷ್ಟೇ. ಇವತ್ತು ಹೇಳಬೇಕಾದ ಮಿಕ್ಕ ಎಲ್ಲವನ್ನೂ ಈ ಒಂದು ಮಾತಿನ ಬೆಳಕಿನಲ್ಲಿ ನೋಡೋಣ.

ಹಾಗಂತ ನೋಂದಣಿ ಬೇಡವೆಂದಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಕಾಯ್ದೆ ಇದೆ, ಅದರ 13ನೇ ಕಲಂ ಖಡಾಖಂಡಿತವಾಗಿದೆ. ಕೇಂದ್ರ ಪುನರ್ವಸತಿ ರಿಜಿಸ್ಟರಿನಲ್ಲಿ ಹೆಸರಿಲ್ಲದವರು ಪುನರ್ವಸತಿ ವೃತ್ತಿಪರರಾಗಿ ದೇಶದಲ್ಲಿ ಎಲ್ಲಿಯೂ ಕೆಲಸ ಮಾಡುವಂತಿಲ್ಲ, ಆ ವೃತ್ತಿಪರರು ಕೊಡಬೇಕಾದ ಪ್ರಮಾಣಪತ್ರಕ್ಕೆ ಸಹಿ ಹಾಕುವಂತಿಲ್ಲ, ನ್ಯಾಯಾಲಯದಲ್ಲಿ ತಜ್ಞ ಸಾಕ್ಷಿಯಾಗಿ ನಿಲ್ಲುವಂತಿಲ್ಲ. ತಪ್ಪಿದರೆ ಒಂದು ವರ್ಷದವರೆಗೆ ಸಜೆ, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿ ದಂಡ ಕಂಡು ನಗು ಬರಬಹುದು, ಪಕ್ಕದಲ್ಲಿರುವ ಸಜೆಯನ್ನು ಮಾತ್ರ ಮರೆಯಬೇಡಿ. ವಿಶೇಷ ಶಿಕ್ಷಣದ ಡಿಪ್ಲೊಮಾ ಅಥವಾ ಬಿ.ಎಡ್ ಮಾಡಿದವರು, ವಾಕ್-ಶ್ರವಣ ತಜ್ಞರು, ಕ್ಲಿನಿಕಲ್ ಸೈಕಾಲಜಿಸ್ಟರು ಈ ರಿಜಿಸ್ಟರಿಗೆ ಬರುತ್ತಾರೆ. ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಗೋಡೆಯ ಮೇಲೆ ತೂಗುಹಾಕಿದ ಪ್ರಮಾಣಪತ್ರದ ಅವಧಿ ಯಾವಾಗ ಮುಗಿಯುತ್ತದೆ ಎಂದು ಇವತ್ತೇ ಒಮ್ಮೆ ನೋಡಿಕೊಳ್ಳಿ.

"ವರ್ತನಾ ಚಿಕಿತ್ಸಕ" ಎಂಬ ಹೆಸರು ಮಾತ್ರ ತ್ರಿಶಂಕು ಸ್ಥಿತಿಯಲ್ಲಿದೆ. ಆರ್‌ಸಿಐ ಪಟ್ಟಿಯಲ್ಲಿ ಅದು ಪ್ರತ್ಯೇಕ ವರ್ಗವಲ್ಲ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಆಯೋಗದ ಕಾಯ್ದೆಯ ಅನುಸೂಚಿಯಲ್ಲಿ "ಬಿಹೇವಿಯರಲ್ ಅನಲಿಸ್ಟ್" ಎಂಬ ಹೆಸರಿದೆ, ಆದರೆ ಆ ನೋಂದಣಿ ವ್ಯವಸ್ಥೆ ಇನ್ನೂ ಕುದುರಿಕೊಳ್ಳುತ್ತಿದೆ. ವರ್ತನಾ ವಿಶ್ಲೇಷಕರಿಗೆ ಪ್ರಮಾಣಪತ್ರ ಕೊಡುವ ಅಮೆರಿಕದ ಮಂಡಳಿ ಬಿಎಸಿಬಿ ತನ್ನ ಪರೀಕ್ಷೆಯನ್ನು 2023ರಿಂದ ಬಹುಮಟ್ಟಿಗೆ ಅಮೆರಿಕ ಮತ್ತು ಕೆನಡಾದವರಿಗೆ ಸೀಮಿತಗೊಳಿಸಿತು. ಅದರ ಮೇಲೆಯೂ ಆ ಪ್ರಮಾಣಪತ್ರ ಇಲ್ಲಿನ ಪರವಾನಗಿಯಲ್ಲ. ಹೀಗಾಗಿ 40 ಗಂಟೆಯ ಆನ್‌ಲೈನ್ ಕೋರ್ಸ್ ಮುಗಿಸಿದವರೂ ಬೋರ್ಡಿನ ಮೇಲೆ "ಎಬಿಎ ಥೆರಪಿಸ್ಟ್" (ಎಬಿಎ ಅಂದರೆ ಅನ್ವಯಿಕ ವರ್ತನಾ ವಿಶ್ಲೇಷಣೆ) ಎಂದು ಬರೆಸಿಕೊಳ್ಳಲು ಜಾಗ ಸಿಕ್ಕಿದೆ. ನಿಮ್ಮ ಓದು ಏನು, ಎಷ್ಟು ಗಂಟೆ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದ್ದೀರಿ, ಈಗ ಮೇಲ್ವಿಚಾರಕರು ಯಾರು, ಅವರು ತಿಂಗಳಿಗೆ ಎಷ್ಟು ಸಲ ನಿಮ್ಮ ಸೆಷನ್ ಕಣ್ಣಾರೆ ನೋಡುತ್ತಾರೆ ಎಂಬುದನ್ನು ಪೋಷಕರಿಗೆ ಬರೆದು ಕೊಡಿ. ಕಡಿಮೆ ಅನುಭವ ಅಪರಾಧವಲ್ಲ. ಅದನ್ನು ಮುಚ್ಚಿಟ್ಟು ಹಣ ತೆಗೆದುಕೊಂಡರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರಿಗೆ ದಾರಿಯಾಗುತ್ತದೆ.

ಕೇಂದ್ರ ನಡೆಸುವವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 2016ರ ಕಾಯ್ದೆಯ 50ನೇ ಕಲಂ ಪ್ರಕಾರ ವಿಕಲಚೇತನರ ಸಂಸ್ಥೆಯನ್ನು ನೋಂದಣಿ ಪ್ರಮಾಣಪತ್ರವಿಲ್ಲದೆ ನಡೆಸುವಂತಿಲ್ಲ. ಟ್ರಸ್ಟ್ ಡೀಡ್ ಆಗಲಿ, ಅಂಗಡಿ ಪರವಾನಗಿಯಾಗಲಿ ಅದಕ್ಕೆ ಬದಲಿಯಾಗದು. ಕರ್ನಾಟಕದಲ್ಲಿ ಇದಕ್ಕಾಗಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ ವಿಚಾರಿಸಿ.

ತಿಂಡಿ ಕೊಡದೆ ಕರೆತನ್ನಿ

ಈಗ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗಕ್ಕೆ ಬರೋಣ. ವರ್ತನಾ ಚಿಕಿತ್ಸೆಯಲ್ಲಿ ಪ್ರೋತ್ಸಾಹಕ, ಅಂದರೆ ನಾವು ದಿನಾ ಹೇಳುವ ರೀಇನ್‌ಫೋರ್ಸರ್, ಬಹಳ ಸಲ ತಿನ್ನುವ ವಸ್ತುವೇ ಆಗಿರುತ್ತದೆ. ಚಿಪ್ಸ್ ಚೂರು, ಚಾಕೊಲೇಟ್, ಮಂಡಕ್ಕಿ. ಮಗು ಹಸಿದಿದ್ದರೆ ಚಿಪ್ಸಿನ ಬೆಲೆ ಏರುತ್ತದೆ ಎನ್ನುವುದು ಪಠ್ಯಪುಸ್ತಕದ ಮಾತು. ಅಲ್ಲಿಂದ ಒಂದೇ ಹೆಜ್ಜೆ ಜಾರಿದರೆ "ನಾಳೆ ತಿಂಡಿ ಕೊಡದೆ ಕರೆತನ್ನಿ, ಚೆನ್ನಾಗಿ ಕೆಲಸ ಮಾಡುತ್ತಾನೆ" ಎಂಬ ಸಲಹೆ ಬಾಯಿಗೆ ಬರುತ್ತದೆ. ಈ ಮಾತು ಎಷ್ಟು ಸಲೀಸಾಗಿ ಓಡಾಡುತ್ತಿದೆ ಎಂದು ಇಲ್ಲಿರುವ ಪೋಷಕರಿಗೆ ಗೊತ್ತು.

92ನೇ ಕಲಂನ ಸಿ ಉಪಖಂಡ ನೋಡಿ. ವಿಕಲಚೇತನ ವ್ಯಕ್ತಿಯ ವಶ ಅಥವಾ ನಿಯಂತ್ರಣ ಹೊಂದಿರುವವರು ಸ್ವಇಚ್ಛೆಯಿಂದ ಅಥವಾ ತಿಳಿದೂ ತಿಳಿದೂ ಆಹಾರ ಅಥವಾ ದ್ರವ ನಿರಾಕರಿಸಿದರೆ ಅದು ದೌರ್ಜನ್ಯ. ಶಿಕ್ಷೆ 6 ತಿಂಗಳಿಗೆ ಕಡಿಮೆಯಿಲ್ಲದ, 5 ವರ್ಷದವರೆಗೆ ಹೋಗಬಹುದಾದ ಜೈಲು ಮತ್ತು ದಂಡ. "ಚಿಕಿತ್ಸೆಯ ಉದ್ದೇಶ ಇದ್ದರೆ ಪರವಾಗಿಲ್ಲ" ಎಂಬ ವಿನಾಯಿತಿ ಆ ಉಪಖಂಡದಲ್ಲಿಲ್ಲ.

ಹಾಗಾದರೆ ತಿನ್ನುವ ಪ್ರೋತ್ಸಾಹಕವೇ ಬೇಡವೇ? ಬೇಡವೆಂದಲ್ಲ, ಗೆರೆ ಎಲ್ಲಿದೆ ಎಂದು ತಿಳಿದಿರಬೇಕು. ಊಟ, ತಿಂಡಿ, ನೀರು, ಶೌಚ, ನಿದ್ದೆ, ಔಷಧಿ, ಮನೆಗೆ ಹೋಗುವ ಹೊತ್ತು ಇವೆಲ್ಲ ಮಗುವಿಗೆ ಸಲ್ಲಬೇಕಾದವು. ಸಂಪಾದಿಸಬೇಕಾದ ಕೂಲಿಯ ಪಟ್ಟಿಗೆ ಅವು ಬರಕೂಡದು. ಡಬ್ಬಿಯ ಚಪಾತಿಯನ್ನು ಹನ್ನೆರಡು ಚೂರು ಮಾಡಿ, ಒಂದೊಂದು ಉತ್ತರಕ್ಕೆ ಒಂದೊಂದು ಚೂರು ಕೊಡುವುದು ಗೆರೆಯ ಆಚೆ. ಮಗು ಹೊಟ್ಟೆ ತುಂಬ ತಿಂದು ಬಂದ ಮೇಲೆ, ಪೋಷಕರು ಬರೆದು ಒಪ್ಪಿದ ಹೆಚ್ಚುವರಿ ತಿನಿಸನ್ನು ಕಡಲೆಕಾಳಿನ ಗಾತ್ರದಲ್ಲಿ ಕೊಡುವುದು ಗೆರೆಯ ಈಚೆ. ಆಟಿಕೆಯ ವಿಷಯದಲ್ಲಿ ಇಷ್ಟು ಬಿಗಿ ಬೇಕಿಲ್ಲ. ಬೆಳಕಿನ ಬುಗುರಿಯನ್ನು ಸೆಷನ್ನಿಗೆಂದೇ ಎತ್ತಿಟ್ಟು ಅದರ ಮೇಲಿನ ಆಸೆ ಉಳಿಸಿಕೊಳ್ಳಬಹುದು, ಅದರಿಂದ ಯಾರಿಗೂ ತೊಂದರೆಯಿಲ್ಲ.

ತಿನಿಸು ಬಳಸುವವರು ಮೊದಲ ಸೆಷನ್ನಿಗೆ ಮುಂಚೆಯೇ ಅಲರ್ಜಿ, ಹಲ್ಲಿನ ಸ್ಥಿತಿ, ನುಂಗುವ ತೊಂದರೆ, ಮೂರ್ಛೆ ಔಷಧಿ, ಸಕ್ಕರೆ ಕಾಯಿಲೆ ಕೇಳಿ ಬರೆದುಕೊಳ್ಳಬೇಕು. ಚಿಕ್ಕ ಮಕ್ಕಳಿಗೆ ಇಡೀ ಕಡಲೆಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಇದ್ದೇ ಇದೆ. ನಗುತ್ತಿರುವ, ಅಳುತ್ತಿರುವ ಮಗುವಿನ ಬಾಯಿಗೆ ಏನನ್ನೂ ಹಾಕಬೇಡಿ.

ನೀರಿನದು ಇನ್ನೂ ಸೂಕ್ಷ್ಮ. ಮಾತು ಕಲಿಸುವಾಗ "ನೀರು ಅನ್ನು, ಆಮೇಲೆ ಕೊಡುತ್ತೇನೆ" ಎಂದು ಲೋಟ ಹಿಡಿದು ನಿಲ್ಲುವುದು ರೂಢಿ. ಮಗು ಲೋಟದ ಕಡೆ ಕೈ ಚಾಚಿದರೆ ಅದೇ ಕೇಳಿಕೆ. ನೀವು "ನೀರು" ಎಂದು ಒಮ್ಮೆ ಹೇಳಿ ತೋರಿಸಿ, ಎರಡು ಮೂರು ಸೆಕೆಂಡು ಕಾದು, ಮಾತು ಬಂದರೂ ಬರದಿದ್ದರೂ ನೀರು ಕೊಡಿ. ಕಲಿಕೆ ಆಗುವುದು ಆ ಹೊಂದಾಣಿಕೆಯಿಂದ. ಐದು ನಿಮಿಷ ಕಾಯಿಸಿ ಅಳಿಸಿದರೆ ಮಗು ಕಲಿಯುವುದು ನಿಮ್ಮನ್ನು ಕಂಡರೆ ಅಳುವುದನ್ನು.

ಅದೇ ಕಲಂನ ಇ ಉಪಖಂಡವನ್ನು ನಮ್ಮ ಕ್ಷೇತ್ರ ಹೆಚ್ಚು ಗಮನಿಸಿಲ್ಲ. ವಿಕಲಚೇತನ ವ್ಯಕ್ತಿಯ ಅಂಗ, ಇಂದ್ರಿಯ ಅಥವಾ ಸಹಾಯಕ ಸಾಧನದ ಬಳಕೆಗೆ ಸ್ವಇಚ್ಛೆಯಿಂದ ಹಾನಿ ಅಥವಾ ಅಡ್ಡಿ ಮಾಡುವುದೂ ದೌರ್ಜನ್ಯವೇ, ಶಿಕ್ಷೆಯೂ ಅಷ್ಟೇ. ಮಾತಿಲ್ಲದ ಮಗು ಚಿತ್ರಗಳ ಪುಸ್ತಕ ಅಥವಾ ಟ್ಯಾಬ್ ಒತ್ತಿ ಮಾತಾಡುತ್ತದೆ. ಗಲಾಟೆ ಮಾಡಿತೆಂದು ಟ್ಯಾಬ್ ಕಿತ್ತು ಮೇಲಿನ ಶೆಲ್ಫಿಗೆ ಇಟ್ಟರೆ ನೀವು ಆಟಿಕೆ ತೆಗೆದಿಡಲಿಲ್ಲ, ಮಗುವಿನ ಬಾಯಿ ಕಟ್ಟಿದಿರಿ. ಶ್ರವಣ ಸಾಧನ ತೆಗೆಯುವುದು, ಗಾಲಿಕುರ್ಚಿಯ ಬ್ರೇಕ್ ಹಾಕಿ ಮೂಲೆಗೆ ನಿಲ್ಲಿಸುವುದು, ಕೈ ಬೀಸುತ್ತಾನೆಂದು ಎರಡೂ ಕೈಗಳನ್ನು ದುಪಟ್ಟಾದಿಂದ ಕುರ್ಚಿಗೆ ಕಟ್ಟುವುದು ಇವೆಲ್ಲವನ್ನೂ ಈ ಉಪಖಂಡದ ಎದುರಿಟ್ಟು ನೋಡಿ. ಕೈ ಬೀಸುವುದರಿಂದ ಯಾರಿಗೂ ನೋವಾಗದಿದ್ದರೆ ಅದನ್ನು ನಿಲ್ಲಿಸುವ ಗುರಿಯನ್ನೇ ಯೋಜನೆಯಿಂದ ತೆಗೆದುಹಾಕಬಹುದು. ನೋಡುವವರಿಗೆ ಮುಜುಗರ ಎಂಬುದು ಚಿಕಿತ್ಸೆಗೆ ಕಾರಣವಲ್ಲ.

ಹೊಡೆತ, ಹಿಡಿತ, ಕತ್ತಲೆ ಕೋಣೆ

ಹೊಡೆಯುವುದರ ಬಗ್ಗೆ ಕಾನೂನು ಸ್ಪಷ್ಟ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೇ ನಿಷೇಧಿಸುತ್ತದೆ. ಬಾಲನ್ಯಾಯ ಕಾಯ್ದೆಯ 75ನೇ ಕಲಂ ಮಗುವಿಗೆ ಅನಗತ್ಯ ದೈಹಿಕ ಅಥವಾ ಮಾನಸಿಕ ಯಾತನೆ ತರುವ ಹಲ್ಲೆ, ನಿರ್ಲಕ್ಷ್ಯಕ್ಕೆ 3 ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ಇಟ್ಟಿದೆ. ಮಗುವಿನ ಆರೈಕೆ ಮತ್ತು ರಕ್ಷಣೆಯನ್ನು ವಹಿಸಿಕೊಂಡ ಸಂಸ್ಥೆಯ ಸಿಬ್ಬಂದಿ ಅಥವಾ ಆಡಳಿತದವರೇ ಮಾಡಿದರೆ 5 ವರ್ಷದವರೆಗೆ ಕಠಿಣ ಸಜೆ, 5 ಲಕ್ಷದವರೆಗೆ ದಂಡ. "ಅಪ್ಪನೇ ಎರಡು ಬಿಡಿ ಅಂದರು" ಎಂಬ ಒಪ್ಪಿಗೆ ಇಲ್ಲಿ ನಡೆಯದು. ಕ್ರೌರ್ಯಕ್ಕೆ ಅನುಮತಿ ಕೊಡುವ ಅಧಿಕಾರ ಪೋಷಕರಿಗೂ ಇಲ್ಲ.

ನಮ್ಮ ಶಾಸ್ತ್ರದ ಹಿನ್ನೆಲೆಯನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಇವತ್ತಿಗೂ ಕರಪತ್ರಗಳಲ್ಲಿ ಕಾಣುವ "ವಾರಕ್ಕೆ 40 ಗಂಟೆ", "47 ಶೇಕಡ ಮಕ್ಕಳು ಸಾಮಾನ್ಯರಾದರು" ಎಂಬ ಅಂಕಿಗಳ ಮೂಲ ಮನಶ್ಶಾಸ್ತ್ರಜ್ಞ ಲೋವಾಸ್ 1987ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನ. ಅಲ್ಲಿ ತೀವ್ರ ತರಬೇತಿ ಪಡೆದದ್ದು 19 ಮಕ್ಕಳು, ಚೆನ್ನಾಗಿ ಮುಂದುವರಿದರು ಎಂದದ್ದು 9 ಮಕ್ಕಳನ್ನು. ಮಕ್ಕಳನ್ನು ಗುಂಪುಗಳಿಗೆ ಚೀಟಿ ಎತ್ತಿ ಹಂಚಿರಲಿಲ್ಲ. ಜೋರಾಗಿ "ನೋ" ಎನ್ನುವುದು, ಆಗಾಗ ತೊಡೆಗೆ ಏಟು ಕೊಡುವುದು ಆ ಕಾರ್ಯಕ್ರಮದ ಭಾಗವಾಗಿತ್ತು. ಅದೇ ಅಂಕಿಯನ್ನು ಈಗ ಜಾಹೀರಾತಿಗೆ ಬಳಸುವವರು ಹಣ ಪಡೆಯುವಾಗ ಇದನ್ನು ಹೇಳುವುದಿಲ್ಲ. ಆಟಿಸಂ ಗುಣವಾಗುತ್ತದೆ, ಆರು ತಿಂಗಳಲ್ಲಿ ಮಾತು ಗ್ಯಾರಂಟಿ ಎಂಬ ಫಲಕಗಳು ದಾರಿತಪ್ಪಿಸುವ ಜಾಹೀರಾತುಗಳೇ. 2019ರ ಗ್ರಾಹಕ ಕಾಯ್ದೆಯಡಿ ಕೇಂದ್ರ ಪ್ರಾಧಿಕಾರ ಇಂಥವಕ್ಕೆ 10 ಲಕ್ಷದವರೆಗೆ ದಂಡ ಹಾಕಬಹುದು.

ದೈಹಿಕವಾಗಿ ಹಿಡಿದು ತಡೆಯುವುದು ಯಾವಾಗ ಸರಿ? ಮಗು ರಸ್ತೆಗೆ ಓಡುತ್ತಿದೆ, ಕಣ್ಣಿಗೆ ಬೆರಳು ಚುಚ್ಚಿಕೊಳ್ಳುತ್ತಿದೆ, ಇನ್ನೊಂದು ಮಗುವನ್ನು ಕಚ್ಚಿ ಬಿಡುತ್ತಿಲ್ಲ. ಇಂಥ ಕ್ಷಣದಲ್ಲಿ, ಬೇರೆ ದಾರಿ ಇಲ್ಲದಾಗ, ಅಪಾಯ ದಾಟುವಷ್ಟು ಹೊತ್ತು ಮಾತ್ರ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 97ನೇ ಕಲಂ ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಹೇಳಿರುವುದೂ ಇದನ್ನೇ: ಒಬ್ಬರನ್ನೇ ಕೂಡಿಹಾಕುವಂತಿಲ್ಲ, ತಡೆಹಿಡಿಯುವುದನ್ನು ಶಿಕ್ಷೆಯಾಗಿ ಅಥವಾ ಹೆದರಿಸಲು ಬಳಸುವಂತಿಲ್ಲ, ಬಳಸಿದರೆ ದಾಖಲಿಸಲೇಬೇಕು. ನಿಮ್ಮ ಥೆರಪಿ ಸೆಂಟರ್ ಆ ವ್ಯಾಖ್ಯೆಯೊಳಗೆ ಬರದಿರಬಹುದು. ಆದರೆ ಆಸ್ಪತ್ರೆಯಲ್ಲೇ ಮಾಡಬಾರದ್ದನ್ನು ನಿಮ್ಮ ಕೋಣೆಯಲ್ಲಿ ಮಾಡಬಹುದೆಂದು ಯಾವ ನ್ಯಾಯಾಧೀಶರ ಎದುರು ವಾದಿಸುತ್ತೀರಿ?

ಕೈಕೆಲಸದ ಮಟ್ಟದಲ್ಲಿ ಹೇಳುವುದಾದರೆ, ಮಗುವನ್ನು ಬೋರಲು ಮಲಗಿಸಿ ಹಿಡಿಯಲೇಬಾರದು. ಬೆನ್ನು, ಎದೆ, ಕುತ್ತಿಗೆಯ ಮೇಲೆ ಭಾರ ಬಿದ್ದರೆ ಉಸಿರಾಟ ನಿಲ್ಲಬಹುದು. ಒದ್ದಾಟ ನಿಂತು ಮಗು ಸುಮ್ಮನಾದರೆ "ಶಾಂತವಾಯಿತು" ಎಂದು ತಿಳಿಯುವುದು ಇಲ್ಲಿನ ದೊಡ್ಡ ತಪ್ಪು, ಅದು ಉಸಿರು ಕಟ್ಟಿದ ಲಕ್ಷಣವೂ ಆಗಿರಬಹುದು. ತುಟಿಯ ಬಣ್ಣ ಮತ್ತು ಉಸಿರನ್ನು ನೋಡುವುದಕ್ಕೆಂದೇ ಎರಡನೆಯವರೊಬ್ಬರು ಇರಬೇಕು. ಮುಗಿದ ಕೂಡಲೇ ಶುರುವಾದ ಸಮಯ, ಮುಗಿದ ಸಮಯ, ಅದಕ್ಕೆ ಮುಂಚೆ ನಡೆದದ್ದು, ಯಾರು ಎಲ್ಲಿ ಹಿಡಿದರು, ಗಾಯವಿದೆಯೇ ಎಂದು ಬರೆಯಿರಿ. ಅದೇ ದಿನ ಪೋಷಕರಿಗೆ ತಿಳಿಸಿ. ಒಂದೇ ಮಗುವನ್ನು ತಿಂಗಳಲ್ಲಿ ಮೂರ್ನಾಲ್ಕು ಸಲ ಹಿಡಿಯಬೇಕಾಗಿ ಬಂದರೆ ಯೋಜನೆಯೇ ಕೆಟ್ಟಿದೆ ಎಂದರ್ಥ.

ಯೋಜನೆ ಎಲ್ಲಿ ಕೆಡುತ್ತದೆ

ಹೆಚ್ಚಿನ ಸಲ ಮೊದಲ ಸಾಲಿನಲ್ಲೇ. "ಹಠ ಮಾಡುತ್ತಾನೆ" ಎಂದು ಬರೆದರೆ ಅಳೆಯುವುದು ಏನನ್ನು? "ಹಣೆಯನ್ನು ಗೋಡೆಗೆ ಅಥವಾ ನೆಲಕ್ಕೆ ಸದ್ದು ಕೇಳಿಸುವಂತೆ ಬಡಿಯುವುದು, 3 ಸೆಕೆಂಡಿಗಿಂತ ಹೆಚ್ಚು ಅಂತರವಿದ್ದರೆ ಬೇರೆ ಬಡಿತವೆಂದು ಎಣಿಕೆ" ಎಂದು ಬರೆದರೆ ಇಬ್ಬರು ಬೇರೆ ಬೇರೆ ಕೂತು ಎಣಿಸಿದರೂ ಲೆಕ್ಕ ಹತ್ತಿರ ಬರುತ್ತದೆ. ಇಬ್ಬರ ಎಣಿಕೆ ಶೇಕಡ 80ರಷ್ಟಾದರೂ ಹೊಂದದಿದ್ದರೆ ಆ ಗ್ರಾಫನ್ನು ನಂಬಬೇಡಿ, ಪೋಷಕರಿಗೂ ತೋರಿಸಬೇಡಿ.

ಎಣಿಕೆಗೂ ಮುಂಚೆ ವೈದ್ಯರು. ಮಾತು ಬಾರದ ಮಗು ಇದ್ದಕ್ಕಿದ್ದಂತೆ ತಲೆ ಬಡಿಯಲು ಶುರುಮಾಡಿದರೆ ಕಿವಿ ಸೋಂಕು, ಹಲ್ಲುನೋವು, ಮಲಬದ್ಧತೆ, ಮೂರ್ಛೆ, ನಿದ್ರಾಹೀನತೆ, ಹೆಣ್ಣುಮಕ್ಕಳಲ್ಲಿ ಮುಟ್ಟಿನ ನೋವು ಇವನ್ನೆಲ್ಲ ತಳ್ಳಿಹಾಕಿದ ಮೇಲೆಯೇ ವರ್ತನೆಯ ಮಾತು. ಹುಳುಕು ಹಲ್ಲಿಗೆ ಟೋಕನ್ ಬೋರ್ಡ್ (ಸರಿಯಾಗಿ ನಡೆದುಕೊಂಡರೆ ಬಿಲ್ಲೆ ಕೂಡಿಸಿ ಬಹುಮಾನ ಕೊಡುವ ಹಲಗೆ) ಹಾಕಿ ಕೂತರೆ ಅದು ನಿರ್ಲಕ್ಷ್ಯ, ಕಾನೂನಿನ ಭಾಷೆಯಲ್ಲೂ.

ಆಮೇಲೆ ಕಾರಣ ಹುಡುಕುವುದು. ವರ್ತನೆಗೆ ಮುಂಚೆ ಏನಾಯಿತು, ಆಮೇಲೆ ಏನು ಸಿಕ್ಕಿತು ಎಂಬ ಎಬಿಸಿ ದಾಖಲೆಯನ್ನು ಮನೆಯಲ್ಲೂ ಶಾಲೆಯಲ್ಲೂ ಕನಿಷ್ಠ ಕೆಲವು ದಿನ ಇಡಬೇಕು. ಕೆಲಸ ತಪ್ಪಿಸಿಕೊಳ್ಳಲು ಮೇಜು ತಳ್ಳುವ ಮಗುವನ್ನು ಟೈಮ್‌ಔಟ್ ಎಂದು ಮೂಲೆಗೆ ಕಳಿಸಿದರೆ ಅದಕ್ಕೆ ಬೇಕಿದ್ದದ್ದನ್ನೇ ಕೊಟ್ಟ ಹಾಗೆ, ಮರುದಿನ ಮೇಜು ಇನ್ನೂ ಜೋರಾಗಿ ಹೋಗುತ್ತದೆ. ಇಂಥ ಮಗುವಿಗೆ ಕಲಿಸಬೇಕಾದದ್ದು "ಸಾಕು", "ಬಿಡುವು ಬೇಕು" ಎಂಬ ಮಾತು ಅಥವಾ ಕಾರ್ಡ್. ಕಾರ್ಡ್ ಕೊಟ್ಟ ಮೊದಲ ವಾರ ಪ್ರತಿ ಸಲವೂ ಬಿಡುವು ಸಿಗಲೇಬೇಕು. "ಇನ್ನೊಂದು ಮಾಡು, ಆಮೇಲೆ" ಎಂದು ಅಲ್ಲೇ ಚೌಕಾಸಿ ಶುರುವಾದರೆ ಕಾರ್ಡ್ ಸತ್ತಹಾಗೆ.

ಗಮನ ಕೊಡದೆ ಬಿಡುವ ವಿಧಾನದಲ್ಲಿ ವರ್ತನೆ ಕಡಿಮೆಯಾಗುವ ಮುಂಚೆ ಒಮ್ಮೆ ಏರುವುದುಂಟು. ಇದನ್ನು ಮನೆಯವರಿಗೆ ಮೊದಲೇ ಹೇಳಿ, ಏರಿದಾಗ ಏನು ಮಾಡಬೇಕೆಂದು ಬರೆದು ಕೊಡದಿದ್ದರೆ ಮೂರನೇ ದಿನ ಅಜ್ಜಿ ಸೋಲುತ್ತಾರೆ, ತಪ್ಪು ಅಜ್ಜಿಯದಲ್ಲ. ಮತ್ತೆ ತಲೆ ಬಡಿತ, ಕಚ್ಚಿಕೊಳ್ಳುವುದರಂಥ ಗಾಯ ತರುವ ವರ್ತನೆಗೆ "ನೋಡಿಯೂ ನೋಡದ ಹಾಗಿರಿ" ಎಂಬ ಸಲಹೆ ಯಾವತ್ತೂ ಬೇಡ.

ಒಪ್ಪಿಗೆ

ಸೇರಿಸುವ ದಿನ ಫೀಸ್ ರಸೀದಿಯ ಜೊತೆ ಹಾಕಿಸುವ ಒಂದೇ ಸಹಿ ಒಪ್ಪಿಗೆಯಲ್ಲ. ಯಾವ ವರ್ತನೆ, ಯಾವ ವಿಧಾನ, ವಾರಕ್ಕೆ ಎಷ್ಟು ಗಂಟೆ, ಯಾರು ಮಾಡುತ್ತಾರೆ, ಏನು ತೊಂದರೆ ಆಗಬಹುದು, ಬೇರೆ ಯಾವ ದಾರಿಗಳಿವೆ, ಯಾವಾಗ ಪರಿಶೀಲನೆ, ಯಾವಾಗ ಬೇಕಾದರೂ ಹಿಂದೆಗೆಯಬಹುದು ಎಂಬುದು ಅದರಲ್ಲಿರಬೇಕು. ಅಪ್ಪ-ಅಮ್ಮನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಬೀದರಿನಿಂದ ಬೆಂಗಳೂರಿಗೆ ಬಂದ ಕುಟುಂಬಕ್ಕೆ ಎಂಟು ಪುಟದ ಇಂಗ್ಲಿಷ್ ಫಾರ್ಮ್ ಕೊಟ್ಟು ಸಹಿ ಪಡೆದರೆ ಅದು ಕಾಗದ ಮಾತ್ರ. ಯೋಜನೆ ಬದಲಾದಾಗಲೆಲ್ಲ ಹೊಸ ಸಹಿ.

ಭಾಷೆಯ ಮಾತು ಬಂದದ್ದರಿಂದ ಇನ್ನೊಂದು. ಮನೆಯಲ್ಲಿ ಕನ್ನಡವೋ ತುಳುವೋ ಉರ್ದುವೋ ಇರುವ ಮಗುವಿಗೆ, ಸೆಂಟರಿನವರಿಗೆ ಸುಲಭ ಎಂಬ ಒಂದೇ ಕಾರಣಕ್ಕೆ "ವಾಟರ್", "ಓಪನ್" ಕಲಿಸಿ ಕಳಿಸುವುದಿದೆ. ಅಜ್ಜ-ಅಜ್ಜಿಯ ಜೊತೆ ಮಗು ಏನು ಮಾತಾಡಬೇಕು? ಗುರಿಯ ಭಾಷೆಯನ್ನು ಮನೆಯವರು ಆರಿಸಬೇಕು, ಅದು ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ, ಅಂದರೆ ಐಇಪಿಯಲ್ಲಿ, ಬರೆದಿರಬೇಕು.

ಪೋಷಕರ ಸಹಿಯ ಆಚೆಗೆ ಮಗುವಿನ ಸಮ್ಮತಿ ಇದೆ. ಮುಖ ತಿರುಗಿಸುವುದು, ಕಾರ್ಡನ್ನು ದೂಡುವುದು, ಕೋಣೆಯ ಬಾಗಿಲಲ್ಲೇ ಮೈ ಬಿಗಿ ಹಿಡಿಯುವುದು ಉತ್ತರಗಳೇ. ಪ್ರತಿ ಮಗುವಿಗೂ "ಒಪ್ಪಿದೆ" ಮತ್ತು "ಬೇಡ" ಹೇಗೆ ಕಾಣುತ್ತದೆ ಎಂದು ಫೈಲಿನ ಮೊದಲ ಪುಟದಲ್ಲಿ ಎರಡೆರಡು ಸಾಲು ಬರೆದಿಡಿ, ಹೊಸದಾಗಿ ಬಂದ ಥೆರಪಿಸ್ಟ್‌ಗೂ ತಿಳಿಯಲಿ. ಹಲ್ಲುಜ್ಜುವುದು, ರಕ್ತ ಪರೀಕ್ಷೆಯಂಥವು ಬೇಡವೆಂದರೂ ಬಿಡಲಾಗದವು. ಬಣ್ಣ ಜೋಡಿಸುವುದು ಆ ಪಟ್ಟಿಯಲ್ಲಿಲ್ಲ.

ಎಂ.ಎಡ್ ಪ್ರಬಂಧಕ್ಕೆ "ಕೇಸ್ ಸ್ಟಡಿ" ಮಾಡುವವರು ಗಮನಿಸಿ: 2016ರ ಕಾಯ್ದೆಯ 6ನೇ ಕಲಂ ಪ್ರಕಾರ ಸಂಶೋಧನೆಗೆ ಅರಿವಿನಿಂದ ಕೊಟ್ಟ ಮುಕ್ತ ಒಪ್ಪಿಗೆಯೂ ಬೇಕು, ವಿಕಲಚೇತನತೆ ಸಂಶೋಧನಾ ಸಮಿತಿಯ ಪೂರ್ವಾನುಮತಿಯೂ ಬೇಕು. ಗೈಡ್ ಸಹಿ ಅದಕ್ಕೆ ಸಾಲದು.

ಮೊಬೈಲ್ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಮಗು ನೆಲದ ಮೇಲೆ ಬಿದ್ದು ಹೊರಳಾಡುವ ವಿಡಿಯೊ, ಆಮೇಲೆ ಅದೇ ಮಗು ಪಜಲ್ ಜೋಡಿಸುವ ವಿಡಿಯೊ, ಮಧ್ಯೆ ಸೆಂಟರಿನ ಲೋಗೊ. ಇಂಥ ರೀಲ್ಸ್ ಹಾಕುವ ಚಟ ಬಿಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಕಲಂ 18 ವರ್ಷದೊಳಗಿನವರ ಮತ್ತು ಕಾನೂನುಬದ್ಧ ಪಾಲಕರಿರುವ ವಿಕಲಚೇತನರ ದತ್ತಾಂಶಕ್ಕೆ ಪರಿಶೀಲಿಸಬಲ್ಲ ಒಪ್ಪಿಗೆ ಕೇಳುತ್ತದೆ. ಮಕ್ಕಳ ವಿಷಯದ ಹೊಣೆ ತಪ್ಪಿದರೆ ದಂಡದ ಮೇಲ್ಮಿತಿ 200 ಕೋಟಿ ರೂಪಾಯಿ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದು ಹಂತಹಂತವಾಗಿ ಜಾರಿಯಾಗುತ್ತಿವೆ. ಸೆಷನ್ ವಿಡಿಯೊ ಬೇಕಾದರೆ ಸಂಸ್ಥೆಯ ಸಾಧನದಲ್ಲಿ ತೆಗೆಯಿರಿ, ಪ್ರತ್ಯೇಕ ಸಹಿ ಪಡೆಯಿರಿ, ಅಳಿಸುವ ದಿನಾಂಕ ಬರೆಯಿರಿ. ಸಿಬ್ಬಂದಿಯ ವಾಟ್ಸಾಪ್ ಗುಂಪಿನಲ್ಲಿ ಮಗುವಿನ ಹೆಸರು, ವರದಿ ಬರಬಾರದು.

ದುಡ್ಡಿನ ವಿಚಾರ ಎಲ್ಲರಿಗೂ ಗೊತ್ತಿರುವಂಥದ್ದೇ. ಮಗುವನ್ನು ಕಳಿಸಿದವರಿಗೆ ಕಮಿಷನ್ ಕೊಡುವಂತಿಲ್ಲ, ಸೆಂಟರಿನ ಮಗುವನ್ನು ಖಾಸಗಿ ಟ್ಯೂಷನ್ನಿಗೆ ಎಳೆಯುವಂತಿಲ್ಲ, ಆರು ತಿಂಗಳ ಹಣ ಮುಂಗಡ ಪಡೆದು "ವಾಪಸಿಲ್ಲ" ಎನ್ನುವುದು ಗ್ರಾಹಕ ಆಯೋಗದ ಮುಂದೆ ನಿಲ್ಲುವುದು ಕಷ್ಟ. ಬಿಎಸಿಬಿಯ 2022ರ ನೀತಿಸಂಹಿತೆ ಉಡುಗೊರೆಗೆ 10 ಡಾಲರಿನ ಮಿತಿ ಇಟ್ಟಿದೆ. ನಮ್ಮಲ್ಲಿ ದೀಪಾವಳಿಯ ಸಿಹಿ ಡಬ್ಬಿಯನ್ನು ಎಲ್ಲರೆದುರು ಹಂಚಿ ತಿಂದರೆ ಸಾಕು. ಚಿನ್ನದ ಓಲೆಗೆ ಮಾತ್ರ ಕೈ ಮುಗಿದು ಬೇಡವೆನ್ನಿ.

ಪೋಕ್ಸೊ: ವರದಿ ಮಾಡುವುದು, ಅರ್ಥ ಮಾಡಿಸುವುದು

ಪೋಕ್ಸೊ ಕಾಯ್ದೆ, 2012, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ. ಅದರ 19ನೇ ಕಲಂ ಪ್ರಕಾರ ಅಪರಾಧ ನಡೆದಿದೆ ಎಂದು ತಿಳಿದವರು ಮಾತ್ರವಲ್ಲ, ನಡೆಯಬಹುದೆಂಬ ಆತಂಕ ಇರುವವರೂ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಠಾಣೆಗೆ ತಿಳಿಸಬೇಕು. ತಿಳಿಸದಿದ್ದರೆ 21ನೇ ಕಲಂನಡಿ 6 ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ತನ್ನ ಕೈಕೆಳಗಿನವರು ಮಾಡಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಮಗುವಿನ ಬೌದ್ಧಿಕ ಅಥವಾ ದೈಹಿಕ ಅಸಾಮರ್ಥ್ಯದ ಲಾಭ ಪಡೆದು ಮಾಡಿದ್ದಾದರೆ, ಅಥವಾ ಶಿಕ್ಷಣ ಸಂಸ್ಥೆಯ ಸಿಬ್ಬಂದಿಯೇ ಮಾಡಿದ್ದಾದರೆ, ಅದು ತೀವ್ರ ಸ್ವರೂಪದ ಅಪರಾಧಗಳ ಸಾಲಿಗೆ ಸೇರುತ್ತದೆ. "ಮೊದಲು ಆಂತರಿಕ ವಿಚಾರಣೆ ಮಾಡೋಣ, ಆಮೇಲೆ ನೋಡೋಣ" ಎಂಬ ಹಂತ ಕಾಯ್ದೆಯಲ್ಲಿಲ್ಲ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ ಎಂದೂ ಅದೇ 19ನೇ ಕಲಂ ಹೇಳುತ್ತದೆ. ದಾರಿ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆದರೆ ಠಾಣೆಗೆ ತಿಳಿಸುವ ಹೊಣೆ ಅದರಿಂದ ತೀರಿತು ಎಂದುಕೊಳ್ಳಬೇಡಿ.

ಮಗು ಏನಾದರೂ ಹೇಳಿದರೆ ಅಥವಾ ತೋರಿಸಿದರೆ ಅದರ ಪದ, ಅದರ ಸನ್ನೆ ಇದ್ದ ಹಾಗೆಯೇ ಬರೆಯಿರಿ, ನೀವು ಕೇಳಿದ ಪ್ರಶ್ನೆಯನ್ನೂ ಬರೆಯಿರಿ. "ಅಂಕಲ್ ಮುಟ್ಟಿದರಾ?" ಎಂದು ಉತ್ತರವನ್ನು ಪ್ರಶ್ನೆಯೊಳಗೇ ಇಡಬೇಡಿ. ಗೊಂಬೆ ಕೊಟ್ಟು ಮತ್ತೆ ಮತ್ತೆ ಮಾಡಿಸಬೇಡಿ. ಇನ್ನೊಂದು ಗಮನ: ಏನು ಹೇಳಿದರೂ "ಹೂಂ" ಅನ್ನುವಂತೆ, ಯಾರು ಹೇಳಿದರೂ ಮೈ ಮುಟ್ಟಿಸಿಕೊಳ್ಳುವಂತೆ ವರ್ಷಗಟ್ಟಲೆ ತರಬೇತಿ ಪಡೆದ ಮಗು ಅಪಾಯಕ್ಕೆ ಹೆಚ್ಚು ತೆರೆದುಕೊಂಡಿರುತ್ತದೆ. ಹಾಗಾಗಿ "ಬೇಡ" ಎನ್ನುವುದೂ ಐಇಪಿಯಲ್ಲಿ ಒಂದು ಗುರಿಯಾಗಿರಬೇಕು. ಶೌಚ ತರಬೇತಿಯಲ್ಲಿ ಯಾರು ಸಹಾಯ ಮಾಡುತ್ತಾರೆ, ಬಾಗಿಲು ಎಷ್ಟು ತೆರೆದಿರುತ್ತದೆ, ಎಲ್ಲೆಲ್ಲಿ ಮುಟ್ಟಬೇಕಾಗುತ್ತದೆ ಎಂಬುದು ಬರೆದ ಯೋಜನೆಯಾಗಿ ಪೋಷಕರ ಸಹಿಯೊಂದಿಗೆ ಇರಬೇಕು.

18 ತುಂಬಿದ ಬೌದ್ಧಿಕ ಅಸಾಮರ್ಥ್ಯದ ಹುಡುಗಿಯ ಬಗ್ಗೆ ಇಲ್ಲೊಬ್ಬರು ಚೀಟಿ ಕಳಿಸಿ ಕೇಳಿದ್ದಾರೆ, ಮಾನಸಿಕ ವಯಸ್ಸು ಏಳೆಂಟು ಅಂದರೆ ಪೋಕ್ಸೊ ಬರುತ್ತದೆಯೇ ಎಂದು. ಇಲ್ಲ. 2017ರ ಈರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೋಕ್ಸೊಗೆ ಲೆಕ್ಕ ಹುಟ್ಟಿದ ದಿನಾಂಕದ ವಯಸ್ಸು ಎಂದಿತು. ಆಕೆಗೆ ಭಾರತೀಯ ನ್ಯಾಯ ಸಂಹಿತೆ, 2016ರ ಕಾಯ್ದೆಯ 92ನೇ ಕಲಂ ರಕ್ಷಣೆ ಕೊಡುತ್ತವೆ. ಅದೇ 2016ರ ಕಾಯ್ದೆಯ 7ನೇ ಕಲಂ ಪ್ರಕಾರ ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಕೊಡಬಹುದು. ಹಾಗೆಯೇ 18 ತುಂಬಿದ ದಿನದಿಂದ ತಂದೆತಾಯಿ ತಾವಾಗಿಯೇ ಕಾನೂನಿನ ಪಾಲಕರಾಗಿ ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಸಾಮರ್ಥ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಅಂಥ ವ್ಯಕ್ತಿಯ ಫೈಲಿನಲ್ಲಿ ಹಳೆಯ ಒಪ್ಪಿಗೆ ಪತ್ರವೇ ಇದ್ದರೆ ಅದರ ಬಲ ಹೋಗಿದೆ.

ಕೊನೆಯದಾಗಿ, ಪೊಲೀಸರು ನಿಮ್ಮನ್ನೇ ಕರೆದಾಗ. ಪೋಕ್ಸೊದ 26 ಮತ್ತು 38ನೇ ಕಲಂಗಳ ಪ್ರಕಾರ ಅಸಾಮರ್ಥ್ಯವಿರುವ ಮಗುವಿನ ಹೇಳಿಕೆ ಅಥವಾ ಸಾಕ್ಷ್ಯ ಪಡೆಯುವಾಗ ವಿಶೇಷ ಶಿಕ್ಷಕರ ಅಥವಾ ಮಗುವಿನ ಸಂವಹನ ರೀತಿ ಬಲ್ಲವರ ಸಹಾಯ ಪಡೆಯಬಹುದು, ಅದಕ್ಕೆ ಸಂಭಾವನೆಯೂ ಇದೆ. ನೀವೇ ದೂರು ಕೊಟ್ಟವರಾಗಿದ್ದರೆ ಅಥವಾ ಮಗು ಮೊದಲು ಹೇಳಿದ್ದು ನಿಮಗೇ ಆಗಿದ್ದರೆ ನೀವು ಸಾಕ್ಷಿ. ಭಾಷಾಂತರಕ್ಕೆ ಬೇರೆಯವರನ್ನು ಕರೆಯಿರಿ ಎಂದು ಲಿಖಿತವಾಗಿ ಹೇಳಿ. ಭಾಷಾಂತರಕ್ಕೆ ನೀವೇ ನಿಲ್ಲುವುದಾದರೆ ಆರ್‌ಸಿಐ ಪ್ರಮಾಣಪತ್ರದ ಪ್ರತಿ ಜೊತೆಗಿರಲಿ. ಮಗು "ಹೌದು", "ಇಲ್ಲ", "ಗೊತ್ತಿಲ್ಲ" ಹೇಗೆ ಹೇಳುತ್ತದೆ ಎಂದು ಪ್ರಕರಣಕ್ಕೆ ಸಂಬಂಧವಿಲ್ಲದ ನಾಲ್ಕೈದು ಪ್ರಶ್ನೆಗಳಿಂದ ಮೊದಲು ತೋರಿಸಿ, ಅದು ದಾಖಲಾಗಲಿ. ಮಗುವಿನ ಸಂವಹನ ಬೋರ್ಡಿನಲ್ಲಿ ದೇಹದ ಭಾಗಗಳ ಚಿತ್ರಗಳಿಲ್ಲದಿದ್ದರೆ ಅದನ್ನೂ ಹೇಳಿ, ಇಲ್ಲದ ಪದವನ್ನು ಮಗು ಆರಿಸಲಾರದು. ಮಗುವಿನ ಕೈ ಅಥವಾ ಮೊಣಕೈ ಹಿಡಿದು ಅಕ್ಷರ ಒತ್ತಿಸಬೇಡಿ. ಹಾಗೆ ಬಂದ ಪದಗಳು ಹಿಡಿದವರದ್ದೇ ಆಗಿರುತ್ತವೆ ಎಂದು ಪರೀಕ್ಷೆಗಳು ತೋರಿಸಿವೆ, ಅಮೆರಿಕದ ವಾಕ್-ಶ್ರವಣ ಸಂಘ 2018ರಲ್ಲಿ ಆ ವಿಧಾನ ಬಳಸಕೂಡದೆಂದು ಹೇಳಿತು. ಪ್ರಶ್ನೆ ಉದ್ದವಾಗಿದ್ದರೆ ತುಂಡು ಮಾಡಿ ಕೇಳಲು ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಿರಿ. ಮಗು ಉತ್ತರ ಕೊಡದಿದ್ದರೆ "ಉತ್ತರ ಬರಲಿಲ್ಲ" ಎಂದಷ್ಟೇ ಹೇಳಿ.